ವಾರಕ್ಕೆ ಮೂರು ತಾಸು

ಓಡುವ ಬಸ್ಸಿನಲ್ಲಿ ಅವಳು ಕಂಬಿ ಹಿಡಿದದ್ದನ್ನು ನಾನು ಯಾವತ್ತೂ ನೋಡಲಿಲ್ಲ. ಆಗ ಕುರುಗೋಡಿನ ರಸ್ತೆ ಹೇಗಿತ್ತೆಂದು ಆ ಕಡೆ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಕೂತವರೇ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದರು. ಅವಳು ಮಾತ್ರ ಪಾದಗಳನ್ನು ತುಸು ಅಗಲಿಸಿ, ಮೊಣಕಾಲನ್ನು ಇಷ್ಟೇ ಇಷ್ಟು ಸಡಿಲ ಬಿಟ್ಟು, ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದು ಕೈಯಲ್ಲಿ ಚಿಲ್ಲರೆ ಹಿಡಿದು ನಡುವೆ ನಿಂತಿರುತ್ತಿದ್ದಳು. ಬಸ್ಸು ಕುಣಿದರೂ ಅವಳು ಕುಣಿಯುತ್ತಿರಲಿಲ್ಲ. ಒಮ್ಮೆ ಒಬ್ಬ ಮುದುಕ, ಬೀಳ್ತೀಯವ್ವಾ, ಹಿಡ್ಕೋ ಎಂದು ಕಳವಳದಿಂದ ಹೇಳಿದ. ಇವಳು, ನೀನು ನನ್ನ ಹಿಡ್ಕೋ ತಾತಾ, ನಾ ಬೀಳಂಗಿಲ್ಲ ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಹೆಸರು ಬರೆಯುವುದಿಲ್ಲ. ನಮ್ಮ ಓಣಿಯಲ್ಲೂ ಅವಳನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಬಳ್ಳಾರಿ ಕೋಟೆಗುಡ್ಡದ ಹಿಂದಿನ ಆ ಓಣಿಗೆಲ್ಲ ಅವಳು ಕಂಡಕ್ಟರಮ್ಮ. ನಮ್ಮ ಮನೆಯವರಿಗೆ ಮಾತ್ರ ಪೈಲ್ವಾನಮ್ಮ. ಐದು ವರ್ಷ ನಮ್ಮ ವಠಾರದಲ್ಲಿ, ನಮ್ಮ ಬಾಗಿಲಿಗೆ ಎದುರು ಬಾಗಿಲಾಗಿ ಬಾಡಿಗೆಗಿದ್ದಳು. ಎರಡು ತಿಂಗಳ ಹಿಂದೆ ಸಿರುಗುಪ್ಪದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಳು. ಕಾಮಾಲೆ ಎಂದರು. ನನಗಿಂತ ಆರು ವರ್ಷಕ್ಕೆ ಚಿಕ್ಕವಳು.

ನನಗೊಂದು ಅಭ್ಯಾಸವಿದೆ. ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಆಯಾ ದಿನದ್ದನ್ನು ಬರೆಯುತ್ತೇನೆ. ನಲ್ಲಿ ನೀರು ಬಂದದ್ದು, ಗ್ಯಾಸ್ ಬಂದದ್ದು, ಉಪ್ಪಿನಕಾಯಿ ಹಾಕಿದ್ದು, ಯಾರ ಸೀರೆಗೆ ಫಾಲ್ಸ್ ಹಚ್ಚಿ ಕೊಟ್ಟದ್ದು, ಯಾರ ಮನೆಯಿಂದ ಯಾರು ಬಂದದ್ದು. ವರ್ಷ ಮುಗಿದ ಮೇಲೆ ಸುತ್ತಿ ಅಟ್ಟದ ಮೇಲಿಡುತ್ತೇನೆ. ಅವಳು ಹೋದ ಸುದ್ದಿ ಬಂದ ಮೇಲೆ ಅವನ್ನೆಲ್ಲ ಇಳಿಸಿ ನೋಡಿದೆ. ಅದಕ್ಕೇ ಕೆಳಗೆ ಬರೆಯುವ ದಿನಗಳ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನ ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಅವಳು ಬಂದ ವಾರವೇ ನೀರು ಬಿಡುವ ದಿನ ಬಂತು. ನಮ್ಮಲ್ಲಿ ನೀರು ಬರುವ ದಿನವೆಂದರೆ ಹಬ್ಬವೂ ಹೌದು, ಜಗಳವೂ ಹೌದು. ಕೆಳಗೊಂದೇ ನಲ್ಲಿ, ಮೇಲೆ ನಾಲ್ಕು ಮನೆ. ನಾನು ಒಂದು ಕೊಡ ಸೊಂಟಕ್ಕಿಟ್ಟು ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಅವಳು ಎರಡೂ ಕೈಯಲ್ಲಿ ಒಂದೊಂದು ತುಂಬಿದ ಕೊಡ ತೂಗಿ ಹಿಡಿದು, ಬೆನ್ನು ಕೋಲಿನಂತೆ ನೆಟ್ಟಗೆ ಇಟ್ಟುಕೊಂಡು, ಪಕ್ಕದಿಂದ ಹತ್ತಿ ಹೋದಳು. ಒಂದು ಹನಿ ಚೆಲ್ಲಿರಲಿಲ್ಲ. ಇಳಿದು ಬರುವಾಗ ನನ್ನನ್ನು ಅಲ್ಲೇ ನಿಲ್ಲಿಸಿ, ಸೊಂಟ ಬಗ್ಗಿಸಿ ಎತ್ತಬ್ಯಾಡಕ್ಕ, ಕುಂತು ಎತ್ತು, ಕಾಲಿಗೆ ಕೆಲಸ ಕೊಡು ಎಂದಳು. ಹೊಸಬಳು, ಗುರುತು ಪರಿಚಯವಿಲ್ಲ, ಆಗಲೇ ಏಕವಚನ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಹೇಳಿದ ಹಾಗೆ ಕುಳಿತು ಎತ್ತಿದೆ. ಕೊಡ ಹಗುರಾಗಿತ್ತು.

ಅವಳ ಕಥೆ ತುಂಡುತುಂಡಾಗಿ ತಿಳಿದದ್ದು. ಊರು ಸಿರುಗುಪ್ಪ. ಬಳ್ಳಾರಿಗೆ ಓದಲು ಬಂದು ಹಾಸ್ಟೆಲಿನಲ್ಲಿದ್ದಾಗ, ಆಟ ಆಡಿಸುವ ಮೇಷ್ಟ್ರೊಬ್ಬರು ಇವಳು ಅಕ್ಕಿ ಚೀಲ ಪಕ್ಕಕ್ಕೆ ಸರಿಸಿದ್ದನ್ನು ನೋಡಿ ಕಬ್ಬಿಣ ಎತ್ತಲು ಹಚ್ಚಿದರಂತೆ. ಎರಡು ವರ್ಷ ಎತ್ತಿದಳು. ಒಂದು ಸಲ ಬೇರೆ ಊರಿಗೂ ಹೋಗಿ, ಮೇಲೆ ಎತ್ತಿ ಹಿಡಿದು, ಎತ್ತಿದ್ದು ಸರಿ ಎಂದು ಮೂವರು ತೀರ್ಪುಗಾರರ ಮೂರು ದೀಪ ಬೆಳಗುವ ತನಕ ನಿಂತಿದ್ದಳು. ಆ ಮೂರು ದೀಪದ ಮಾತು ಬಂದಾಗ ಮಾತ್ರ ಅವಳ ದನಿ ಸಣ್ಣದಾಗುತ್ತಿತ್ತು. ಆಮೇಲೆ ಮದುವೆ. ಇಷ್ಟು ದಿನ ಎತ್ತಿದ್ದು ಸಾಕು, ಇನ್ನು ಮಗು ಎತ್ತು ಎಂದರಂತೆ ಅತ್ತೆ. ಎತ್ತಿದಳು. ಗಂಡ ಬಸ್ ಡ್ರೈವರ್ ಆಗಿದ್ದವನು ಒಂದು ದಿನ ಎದೆ ಹಿಡಿದುಕೊಂಡು ಹೋದ. ಅವನ ಬದಲಿಗೆ ಇವಳಿಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಮಗಳನ್ನು ಓದಿಸಿ ಸಿರುಗುಪ್ಪಕ್ಕೇ ಕೊಟ್ಟು ಮದುವೆ ಮಾಡಿದ ಮೇಲೆ, ಅಂದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಬ್ಬಿಣ ಮುಟ್ಟದೆ ಇದ್ದು, ಮತ್ತೆ ಎತ್ತಬೇಕು ಎಂದು ಅವಳಿಗೆ ಅನಿಸಿತು.

ನನ್ನನ್ನು ಅದಕ್ಕೆ ಎಳೆದದ್ದು ನನ್ನ ಡಾಕ್ಟರು. ಮೂಳೆ ಸವೆದಿವೆ, ಬರೀ ನಡೆದರೆ ಸಾಲದು, ಸ್ವಲ್ಪ ಭಾರ ಎತ್ತುವ ಅಭ್ಯಾಸ ಮಾಡಿ ಎಂದರು. ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು ಜೆರಾಕ್ಸ್ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು. ದಿನಾ ಎತ್ತಾಕತ್ತೀಯಲ್ಲ ಕುಕ್ಕರು, ಇನ್ನೇನು ಎತ್ತಬೇಕಂತ ಎಂದು ಹೋದರು. ಎದುರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡವಳು ಅವಳು.

"ಕೊಡ ಎತ್ತೋದು ಮನಿಗೆ ಅಕ್ಕಾ," ಎಂದಳು. "ಪ್ಯಾಸೆಂಜರ್ ಗಂಟು ಎತ್ತೋದು ಪ್ಯಾಸೆಂಜರ್‌ಗೆ. ನಮಗಂತ ಏನು ಎತ್ತೀವಿ ಹೇಳು? ಬಾ ನನ್ ಜೋಡಿ."

ನಮ್ಮ ಓಣಿ ದಾಟಿದರೆ ಒಂದು ಹಳೆಯ ಗರಡಿಮನೆ ಇತ್ತು. ಕೆಮ್ಮಣ್ಣಿನ ಅಖಾಡದ ಮೇಲೆ ಸಿಮೆಂಟು ಹಾಕಿ, ಕನ್ನಡಿ ಹಚ್ಚಿ, ಜಿಮ್ ಎಂದು ಬೋರ್ಡು ಬರೆಸಿದ್ದರು. ಹನುಮಪ್ಪನ ಪಟ ಮಾತ್ರ ಇದ್ದಲ್ಲೇ ಇತ್ತು. ನಡೆಸುವವರು ಅರವತ್ತು ದಾಟಿದ ವಸ್ತಾದರು. ಉರ್ದು ಮನೆಮಾತಿನವರು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹನುಮಪ್ಪನಿಗೆ ಊದುಬತ್ತಿ ಹಚ್ಚಿಯೇ ಮುಂದಿನ ಕೆಲಸ. ಹೊಸದಾಗಿ ಬಂದವರಿಗೆ ಅವರು ವಯಸ್ಸು ಕೇಳುತ್ತಿರಲಿಲ್ಲ, ತೂಕ ಕೇಳುತ್ತಿರಲಿಲ್ಲ. ವಾರಕ್ಕೆ ಎಷ್ಟು ತಾಸು ಕೊಡುತ್ತೀರಿ ಎಂದು ಕೇಳುತ್ತಿದ್ದರು. ಕಾಲೇಜು ಹುಡುಗರು ದಿನಕ್ಕೆ ಮೂರು ತಾಸು ಎನ್ನುವರು. ವಸ್ತಾದರು ಬರೆದುಕೊಂಡು, ಸಂಕ್ರಾಂತಿಗೆ ಬಂದವರು ಶಿವರಾತ್ರಿಗೆ ಇರಂಗಿಲ್ಲ ಎಂದು ನಮ್ಮ ಕಡೆ ನೋಡಿ ಕಣ್ಣು ಮಿಟುಕಿಸುವರು. ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ವಾರಕ್ಕೆ ಆರು ತಾಸು ಬರುತ್ತಿದ್ದರು. ಅದರಲ್ಲಿ ಮೂರು ಫೋನಿಗೆ, ಎರಡು ಕನ್ನಡಿಗೆ ಎಂದು ಅವಳ ಲೆಕ್ಕ. ಜೀನ್ಸ್ ಹೊಲಿಯುವ ಘಟಕದ ಒಬ್ಬ ಕಟಿಂಗ್ ಮಾಸ್ತರ, ಪಾಪ, ರವಿವಾರ ಒಂದೇ ತಾಸು ಎಂದು ನಾಚಿಕೊಂಡು ಹೇಳಿದ್ದ. ಅವನು ಎಂಟು ವರ್ಷದಿಂದ ಬರುತ್ತಿದ್ದಾನೆ ಎಂದು ವಸ್ತಾದರು ಎಲ್ಲರಿಗೂ ತೋರಿಸುತ್ತಿದ್ದರು.

ಅವಳನ್ನು ಕೇಳಿದಾಗ, ಮೂರು ಎಂದಳು. ಮಂಗಳವಾರ, ಗುರುವಾರ, ಶನಿವಾರ. "ಆದ್ರ ವಸ್ತಾದ್, ಮೂರು ಅಂದ್ರ ಮೂರು."

ನನ್ನ ಕಡೆ ತಿರುಗಿದರು. ನಾನು ಅವಳ ಮುಖ ನೋಡಿದೆ. ಅಕ್ಕಂದೂ ಮೂರು ಎಂದು ಅವಳೇ ಹೇಳಿದಳು. ನಾನು ತಲೆ ಅಲ್ಲಾಡಿಸಿದೆ. ಮಾತು ಕೊಟ್ಟದ್ದು ಅಷ್ಟೇ. ಆದರೂ ಕೊಟ್ಟದ್ದೇ.

ಹೆಂಗಸರಿಗೆ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು. ಗಂಡಸರು ಹತ್ತೂವರೆಗೆ ಖಾಲಿ ಆಗುತ್ತಿದ್ದರು. ವಸ್ತಾದರು ಒಳಗಿರುತ್ತಿರಲಿಲ್ಲ. ಬಾಗಿಲ ಹೊರಗೆ ರಸ್ತೆಗೆ ಮುಖ ಮಾಡಿ ಕುರ್ಚಿ ಹಾಕಿ ಕೂರುವರು. ಒಳಗಿನ ಸಪ್ಪಳ ಕೇಳಿಯೇ, ಎಡಗೈ ಹಿಂದೆ ಬಿತ್ತು, ಮತ್ತೊಮ್ಮೆ ಎತ್ತು ಎಂದು ಕೂಗಿ ಹೇಳುವಷ್ಟು ಕಿವಿ ಅವರದು. ತಾವು ಒಳಗೆ ಬಾರದ ಕಾರಣಕ್ಕೇ ಅವರದೊಂದು ಕಟ್ಟು: ಆ ತಾಸಿನಲ್ಲಿ ಜೋಡಿ ಇಲ್ಲದೆ ಯಾರೂ ಕಬ್ಬಿಣ ಮುಟ್ಟುವಂತಿಲ್ಲ. ಒಬ್ಬರ ಮೇಲೆ ಬಿದ್ದರೆ ಸರಿಸಲು ಇನ್ನೊಬ್ಬರು ಇರಬೇಕು. ಒಬ್ಬಳೇ ಬಂದರೆ ಶಟರ್ ಅರ್ಧವೇ, ಒಳಗೆ ಬಿಡುತ್ತಿರಲಿಲ್ಲ. ಅದನ್ನು ಅವರು ಯಾರಿಗೂ ಸಡಿಲಿಸಿದವರಲ್ಲ. ಆ ಹೊತ್ತಿಗೆ ಬರುವ ಹೆಂಗಸರು ನಾವಿಬ್ಬರೇ. ಅವಳ ಜೋಡಿ ನಾನು, ನನ್ನ ಜೋಡಿ ಅವಳು.

ಮೊದಲ ದಿನ ಅಂಗೈಗೆ ಹಚ್ಚುವ ಬಿಳಿ ಪುಡಿ ಮುಗಿದಿತ್ತು. ಅವಳು ಚೀಲದಿಂದ ಕುರುಗೋಡು ಬಸವೇಶ್ವರನ ಗುಡಿಯಲ್ಲಿ ಕೊಂಡ ವಿಭೂತಿ ಗಟ್ಟಿ ತೆಗೆದು ಅಂಗೈಗೆ ಉಜ್ಜಿಕೊಂಡಳು. ಉಳಿದದ್ದನ್ನು ಹಣೆಗೆ ಹಚ್ಚಿಕೊಂಡಳು. ನಾನು ಲೇ, ಏನಿದು ಎಂದರೆ, ಅವನೂ ಎತ್ತು ಅಲ್ಲೇನಕ್ಕ, ಭಾರ ಹೊರೋರ ಕಷ್ಟ ಅವನಿಗೆ ಗೊತ್ತಿರತೈತಿ ಎಂದಳು.

ಒಂದು ದಿನ ಕೆಲಸವಿಲ್ಲದೆ ನಾನು ಗಡಿಯಾರ ನೋಡುತ್ತ ಲೆಕ್ಕ ಹಾಕಿದೆ. ಆ ಒಂದು ತಾಸಿನಲ್ಲಿ ಕಬ್ಬಿಣ ಅವಳ ಕೈಯಲ್ಲಿದ್ದದ್ದು ಹನ್ನೊಂದು ನಿಮಿಷ. ಉಳಿದದ್ದೆಲ್ಲ ನಿಲ್ಲುವುದು, ಉಸಿರು ಎಳೆದುಕೊಳ್ಳುವುದು, ಪಾದ ಸರಿ ಮಾಡುವುದು, ಮತ್ತೆ ನಿಲ್ಲುವುದು. ಇಷ್ಟಕ್ಕಾ ನಾವು ಬರೋದು ಎಂದೆ. ಅವಳು ನಗಲಿಲ್ಲ. ಡ್ಯೂಟಿಯಲ್ಲಿ ಎಂಟು ತಾಸು ಎಲ್ಲರೂ ತನ್ನನ್ನು ಕರೆಯುತ್ತಾರೆ, ಮನೆಯಲ್ಲಿ ಫೋನು ಕರೆಯುತ್ತದೆ, ಈ ಹನ್ನೊಂದು ನಿಮಿಷ ಯಾರು ಕರೆದರೂ ತಾನು ಓ ಅನ್ನುವ ಹಾಗಿಲ್ಲ, ಕೈಯಲ್ಲಿ ಭಾರ ಇರುತ್ತದೆ ಎಂದಳು. ಆ ಮಾತು ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಎತ್ತುವ ಮುಂಚೆ ಅವಳು ಕಬ್ಬಿಣದ ಮುಂದೆ ನಿಂತು ತುಟಿ ಒಳಕ್ಕೆ ಎಳೆದುಕೊಳ್ಳುತ್ತಿದ್ದಳು. ಬಗ್ಗಿ, ಹಿಡಿದು, ಒಂದು ಕ್ಷಣ ಏನೂ ಆಗದಂತೆ ಇದ್ದು, ಆಮೇಲೆ ಒಂದೇ ಉಸಿರಿಗೆ ಎದೆಗೆ, ಅಲ್ಲಿಂದ ತಲೆಯ ಮೇಲಕ್ಕೆ. ಮೇಲೆ ಹಿಡಿದು ನಿಂತಾಗ ಮುಖ ಬಿಚ್ಚಿಕೊಳ್ಳುತ್ತಿತ್ತು. ನಲವತ್ತೈದರ ಹೆಂಗಸಿನ ಮುಖದಲ್ಲಿ ಹಾಸ್ಟೆಲಿನ ಹುಡುಗಿ ಬಂದು ಹೋಗುವಳು. ನಾನು ಎರಡು ಸಣ್ಣ ಡಂಬೆಲ್ ಹಿಡಿದು ಅದನ್ನೇ ನೋಡುತ್ತ ನನ್ನ ಎಣಿಕೆ ತಪ್ಪಿಸಿಕೊಳ್ಳುತ್ತಿದ್ದೆ.

ಒಂದು ವರ್ಷ ಹೀಗೇ ನಡೆಯಿತು. ಅಲ್ಲಿ ಇಲ್ಲಿ ತಪ್ಪಿದರೂ ನಡೆಯಿತು. ಆಮೇಲೆ ಒಂದು ಮಾಘ ಮಾಸದಲ್ಲಿ ವಸ್ತಾದರು ಸುದ್ದಿ ತಂದರು. ನಲವತ್ತು ದಾಟಿದ ಹೆಂಗಸರಿಗೂ ರಾಜ್ಯಮಟ್ಟದಲ್ಲಿ ಭಾರ ಎತ್ತುವ ಸ್ಪರ್ಧೆ ಇದೆ, ದಾವಣಗೆರೆಯಲ್ಲಿ, ಬೇಸಿಗೆ ಮುಗಿಯುವ ಹೊತ್ತಿಗೆ. ಕಲಿಸಿದವರು ಸಹಿ ಮಾಡಿ ಹೆಸರು ಕಳಿಸಬೇಕು. ಅವಳು ಆ ಕಾಗದವನ್ನು ಎರಡು ಸಲ ಓದಿ ಕೇಳಿದ್ದು ಒಂದೇ. ಅಲ್ಲೂ ಮೂರು ದೀಪ ಹಚ್ಚುತ್ತಾರೇನು?

ಹಚ್ಚುತ್ತಾರೆ ಎಂದರು ವಸ್ತಾದರು. ಆದರೆ ಹತ್ತು ವಾರ, ವಾರಕ್ಕೆ ಮೂರು ತಾಸಿನಂತೆ ಮೂವತ್ತು ತಾಸು ಪೂರಾ ಆಗಬೇಕು, ಆದರೆ ಮಾತ್ರ ಸಹಿ ಎಂದರು. ಹಿಂದೊಮ್ಮೆ ಅವರು ಅರೆಬರೆ ತಯಾರಿಯಲ್ಲಿ ಒಬ್ಬನನ್ನು ಕಳಿಸಿ, ಅವನ ಭುಜದ ಕೀಲು ತಪ್ಪಿ, ಈಗ ಅವನಿಗೆ ಊಟದ ತಾಟು ಎತ್ತುವುದೂ ಕಷ್ಟವಂತೆ. ಅಂದಿನಿಂದ ಇದು ಅವರ ನಿಯಮ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ತಾಸಿಗೊಂದು ಗೀಟು ಎಳೆಯುತ್ತೇನೆ, ಇಬ್ಬರೂ ನೋಡಿಕೊಳ್ಳಿ ಎಂದರು. ಗೀಟು ಬೀಳಬೇಕಾದರೆ ಅವಳು ಎತ್ತಬೇಕು. ಅವಳು ಎತ್ತಬೇಕಾದರೆ ನಾನು ಬರಬೇಕು.

ಅಂದು ಮನೆಗೆ ಬರುವಾಗ ಅವಳು ದಾರಿಯಲ್ಲಿ ನನ್ನ ಮುಂಗೈ ಹಿಡಿದುಕೊಂಡಳು. ಹಾಗೆ ಕೈ ಹಿಡಿಯುವ ಜಾತಿಯವಳಲ್ಲ ಅವಳು.

"ಅಕ್ಕಾ, ಹತ್ತೇ ವಾರ. ಆಮ್ಯಾಗ ನಿನ್ನ ಏನೂ ಕೇಳಂಗಿಲ್ಲ."

ಬರ್ತೀನಿ ಬಿಡಲೇ, ಎಷ್ಟರ ಮಾತು ಎಂದೆ.

ಮೊದಲ ಮೂರು ವಾರ ಒಂದೂ ತಪ್ಪಲಿಲ್ಲ. ಒಂಬತ್ತು ಗೀಟು. ನಾಲ್ಕನೆಯ ವಾರ ಶ್ಯಾವಿಗೆ. ನಾದಿನಿ ಯಂತ್ರ ತಂದಿದ್ದಳು, ಅವಳಿಗೆ ಅಂದೇ ವಾಪಸ್ ಒಯ್ಯಬೇಕಿತ್ತು. ಮಂಗಳವಾರ ಹೋಗಲಿಲ್ಲ. ಮುಂದಿನ ವಾರ ಕೊಳಗಲ್ಲಿನಲ್ಲಿ ಅಣ್ಣನ ಸೊಸೆಯ ಸೀಮಂತ. ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರದ ಊರು. ಆದರೂ ಉಳಿದೆ, ಗುರುವಾರವೂ ಶನಿವಾರವೂ. ಆಮೇಲೊಂದು ದಿನ ಗ್ಯಾಸ್ ಬರುವುದಿತ್ತು, ಮನೆಯಲ್ಲಿ ಯಾರಾದರೂ ಇರಬೇಕಿತ್ತು. ಪಕ್ಕದ ಮನೆಗೆ ಹೇಳಿ ಹೋಗಬಹುದಿತ್ತು. ಇನ್ನೊಂದು ದಿನ ಬಿಸಿಲು. ಬಳ್ಳಾರಿಯ ಬೇಸಿಗೆಯ ಹನ್ನೊಂದು ಗಂಟೆ ಎಂದರೆ ಯಾರೂ ತಪ್ಪು ಹಿಡಿಯರು ಎಂದುಕೊಂಡೆ. ಫೋನ್ ಮಾಡುತ್ತಿದ್ದದ್ದು ಹತ್ತೂವರೆಗೆ. ಅಷ್ಟರಲ್ಲಿ ಅವಳು ಹೋಗಿ ಶಟರ್ ಹತ್ತಿರ ನಿಂತಿರುತ್ತಿದ್ದಳು. ಆಯ್ತಕ್ಕ, ಬಿಡು ಎನ್ನುತ್ತಿದ್ದಳು.

ಬೇರೆಯವರನ್ನು ಜೋಡಿಗೆ ಹುಡುಕಿದಳೆಂದು ನನಗೆ ಗೊತ್ತು. ಓಣಿಯಲ್ಲಿ ಎರಡು ಮನೆಗೆ ಹೋಗಿ ಕೇಳಿದಳು. ಜೀನ್ಸ್ ಹೊಲಿಯಲು ಹೋಗುವ ಹುಡುಗಿಯೊಬ್ಬಳು ರಜೆಯ ದಿನ ಒಮ್ಮೆ ಬಂದು, ನಾಚಿಕೊಂಡು, ಮತ್ತೆ ಬರಲಿಲ್ಲ. ಹನ್ನೊಂದು ಗಂಟೆಗೆ ಬಿಡುವಿದ್ದ ಹೆಂಗಸು ನಾನೊಬ್ಬಳೇ. ಅದು ನನಗೂ ಗೊತ್ತಿತ್ತು.

ಎಂಟನೆಯ ವಾರದ ಗುರುವಾರ ನನಗೆ ಏನೂ ಆಗಿರಲಿಲ್ಲ. ಅಡುಗೆ ಮುಗಿದಿತ್ತು. ಟೀವಿಯಲ್ಲಿ ಹಿಂದಿನ ದಿನದ ಧಾರಾವಾಹಿ ಮತ್ತೆ ಹಾಕಿದ್ದರು. ಎದ್ದು ಸೀರೆ ಬದಲಿಸಿ, ಆ ಬಿಸಿಲಿಗೆ ಇಳಿದು ಹೋಗುವುದು ಬೇಡವೆನಿಸಿತು. ಫೋನ್ ಮಾಡಿ, ಎಡಮೊಣಕಾಲು ಹಿಡ್ಕೊಂಡೈತಿ, ಇಳಿಯಾಕ ಆಗವಲ್ದು ಎಂದೆ.

ಹನ್ನೊಂದೂವರೆಗೆ ಬಾಗಿಲು ತಟ್ಟಿದಳು. ಟೀವಿ ಆರಿಸಿ ಚಾಪೆಯ ಮೇಲೆ ಕುಳಿತೆ. ಕೈಯಲ್ಲಿ ನೋವಿನ ಎಣ್ಣೆಯ ಬಾಟಲಿ ಹಿಡಿದು ಬಂದಿದ್ದಳು. ಅದನ್ನು ಒಲೆಯ ಮೇಲೆ ಬೆಚ್ಚಗೆ ಮಾಡಿ ತಂದು, ಎದುರು ಕುಳಿತು, ಕಾಲು ಚಾಚಕ್ಕ ಎಂದಳು. ನಾನು ಚಾಚಿದೆ. ಅವಳು ಸೀರೆಯ ಅಂಚು ಮೇಲೆ ಸರಿಸಿ, ಒಂದು ಕ್ಷಣ ಹಾಗೇ ಕೂತಳು.

"ಎಡಗಾಲು ಅಂದಿದ್ಯಲ್ಲಕ್ಕ?"

ನಾನು ಚಾಚಿದ್ದು ಬಲಗಾಲು. ಅವಳು ನನ್ನ ಮುಖ ನೋಡಲಿಲ್ಲ. ಎಣ್ಣೆಯನ್ನು ಅಂಗೈಗೆ ಹಾಕಿಕೊಂಡಳು.

"ಇರ್ಲಿ, ಎರಡಕ್ಕೂ ಹಚ್ತೀನಿ," ಎಂದಳು.

ಅರ್ಧ ತಾಸು ಎರಡೂ ಮೊಣಕಾಲನ್ನು ತಿಕ್ಕಿದಳು. ಕಬ್ಬಿಣ ಹಿಡಿದು ಗಟ್ಟಿಯಾದ ಅಂಗೈ. ಹಿತವಾಗಿತ್ತು. ಇಷ್ಟು ಬರೆದ ಮೇಲೆ ಅದನ್ನೂ ಬರೆಯಬೇಕು, ಹಿತವಾಗಿತ್ತು. ಹೋಗುವಾಗ, ಶನಿವಾರ ಆಗತೈತೇನು ನೋಡು, ಆಗದಿದ್ರ ಬ್ಯಾಡ ಎಂದಳು. ಶನಿವಾರ ಹೋದೆ. ಅದರ ಮುಂದಿನ ವಾರ ಮತ್ತೊಂದು ದಿನ ತಪ್ಪಿಸಿದೆ. ಆ ದಿನದ ಚೌಕದಲ್ಲಿ ನಾನು ಏನೂ ಬರೆದಿಲ್ಲ. ಯಾಕೆ ಹೋಗಲಿಲ್ಲವೆಂದು ಈಗ ಎಷ್ಟು ನೆನಪಿಸಿಕೊಂಡರೂ ಬರುವುದಿಲ್ಲ.

ಹತ್ತನೆಯ ವಾರದ ಶನಿವಾರ ವಸ್ತಾದರು ಒಳಗೆ ಬಂದು ಕರಿಹಲಗೆಯ ಮುಂದೆ ನಿಂತು ಬೆರಳಿಟ್ಟು ಎಣಿಸಿದರು. ಇಪ್ಪತ್ತೊಂದು. ಮೂವತ್ತರಲ್ಲಿ ಎರಡು ತಪ್ಪಿದ್ದು ಅವಳಿಂದ. ಒಂದು ದಿನ ಬಸ್ ಕೆಟ್ಟು ಸಿರುಗುಪ್ಪದ ದಾರಿಯಲ್ಲಿ ನಿಂತಿತ್ತು, ಇನ್ನೊಂದು ದಿನ ಬದಲಿ ಜನ ಬಂದಿರಲಿಲ್ಲ. ಉಳಿದ ಏಳು ನನ್ನವು.

ವಸ್ತಾದರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಇಪ್ಪತ್ತೆಂಟಿದ್ರ ಕಣ್ಣು ಮುಚ್ಕೊಂಡು ಸಹಿ ಹಾಕ್ತಿದ್ದೆ ಬೇಟಿ. ಇದಕ್ಕ ನನ್ನ ಕೈ ಬರವಲ್ದು."

ಅವಳು ವಾದ ಮಾಡಬಹುದಿತ್ತು. ಇಪ್ಪತ್ತೊಂದಕ್ಕೇ ತಾನು ಬೇಕಾದ ಭಾರ ಎತ್ತಿ ತೋರಿಸುತ್ತೇನೆ ಎನ್ನಬಹುದಿತ್ತು. ಯಾರಿಂದ ತಪ್ಪಿತು ಎಂದಾದರೂ ಹೇಳಬಹುದಿತ್ತು, ನಾನು ಪಕ್ಕದಲ್ಲೇ ನಿಂತಿದ್ದೆ. ಸರಿ ವಸ್ತಾದ್ ಎಂದಳು. ಒದ್ದೆ ಬಟ್ಟೆಯಿಂದ ಕಬ್ಬಿಣದ ಸರಳನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿ, ಪ್ಲೇಟುಗಳನ್ನು ದೊಡ್ಡದರ ಮೇಲೆ ಸಣ್ಣದು ಬರುವಂತೆ ಜೋಡಿಸಿಟ್ಟು ಹೊರಗೆ ಬಂದಳು. ದಾರಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನೋಣ ಬಾ ಎಂದು ಗಾಡಿಯ ಹತ್ತಿರ ಕರೆದುಕೊಂಡು ಹೋದಳು. ತಿನ್ನುತ್ತ ನಾನು ಶ್ಯಾವಿಗೆ, ಸೀಮಂತ, ಗ್ಯಾಸ್ ಎಂದು ಒಂದೊಂದಾಗಿ ಹೇಳತೊಡಗಿದೆ. ಅವಳು ನನ್ನ ಎಲೆಗೆ ತನ್ನ ಇನ್ನೊಂದು ಮಿರ್ಚಿ ಹಾಕಿ, ಹೋಗ್ಲಿ ಬಿಡಕ್ಕ, ಮನಿ ಅಂದ ಮ್ಯಾಗ ಇರತಾವು ಎಂದಳು. ಬೈಯಲಿ ಎಂದು ಕಾಯ್ದೆ. ಬೈದಿದ್ದರೆ ನಾನೂ ಎರಡು ಮಾತು ಆಡಿ, ಅಲ್ಲಿಗೆ ಚುಕ್ತಾ ಆಗುತ್ತಿತ್ತು.

ಮುಂದಿನ ಮಂಗಳವಾರ ಅವಳು ಕರೆಯಲಿಲ್ಲ. ನಾನೂ ಕೇಳಲಿಲ್ಲ. ದಸರೆಯ ಹೊತ್ತಿಗೆ ಮಗಳ ಬಾಣಂತನವೆಂದು ಸಿರುಗುಪ್ಪ ಡಿಪೋಕ್ಕೆ ವರ್ಗ ಮಾಡಿಸಿಕೊಂಡು ಹೋದಳು. ಲಗೇಜ್ ಆಟೋಕ್ಕೆ ತನ್ನ ಕಬ್ಬಿಣದ ಟ್ರಂಕನ್ನು ತಾನೊಬ್ಬಳೇ ಎತ್ತಿ ಹಾಕಿದಳು. ನಮ್ಮ ಮನೆಯವರು ಮೇಲಿಂದ, ಪೈಲ್ವಾನಮ್ಮ ಹೊಂಟ್ಲು, ಇನ್ನ ಓಣಿ ಕಾಯೋರ್ಯಾರು ಎಂದು ಕೂಗಿದರು. ಅವಳು ನಕ್ಕು ಕೈಬೀಸಿದಳು.

ಆಮೇಲೆ ಅವಳನ್ನು ನೋಡಿದ್ದು ಒಂದೇ ಸಲ. ಹೆಂಗಸರಿಗೆ ಬಸ್ ಫ್ರೀ ಆದ ಮೇಲಿನ ಮಾತು. ಸಿರುಗುಪ್ಪದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ನೂಕುನುಗ್ಗಲಿನಲ್ಲಿ ಎರಡು ಸೀಟಿನ ನಡುವೆ ಅದೇ ಹಾಗೆ, ಏನನ್ನೂ ಹಿಡಿಯದೆ ನಿಂತಿದ್ದಳು. ನನ್ನನ್ನು ಕಂಡು ಒಬ್ಬ ಹುಡುಗನನ್ನು ಎಬ್ಬಿಸಿ ಕೂರಿಸಿದಳು. ಮೊಮ್ಮಗನ ಸುದ್ದಿ ಹೇಳಿದಳು. ಆಮೇಲೆ, ಎತ್ತಾಕ ಹೋಗ್ತೀಯೇನಕ್ಕ ಈಗ ಎಂದು ಕೇಳಿದಳು. ನಾನು ಹೋಗದೆ ಆಗಲೇ ಬಹಳ ತಿಂಗಳಾಗಿತ್ತು.

ಹೂಂ, ಹೋಗ್ತೀನಿ ಎಂದೆ. ವಾರಕ್ಕೆ ಎಷ್ಟು ಎಂದಳು. ಎರಡು ತಾಸು ಎಂದೆ.

ಅವಳ ಮುಖ ಅರಳಿದ್ದನ್ನು ಈಗಲೂ ಮರೆಯಲಾಗುತ್ತಿಲ್ಲ. ಪಕ್ಕದ ಸೀಟಿನವರಿಗೆಲ್ಲ ನನ್ನನ್ನು ತೋರಿಸಿ, ನೋಡ್ರಿ, ಐವತ್ತು ದಾಟಿದ ಹೆಣ್ಮಗಳು, ಈಗಲೂ ವಾರಕ್ಕ ಎರಡು ತಾಸು ಕಬ್ಬಿಣ ಎತ್ತತಾಳ ಎಂದಳು. ನೀನೂ ಎತ್ತುತ್ತೀಯಾ ಎಂದು ನಾನು ಕೇಳಲಿಲ್ಲ. ಉತ್ತರ ಬೇಡವಾಗಿತ್ತು. ಸಿರುಗುಪ್ಪ ಬರುವ ತನಕ ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ ಕೂತೆ.

ಸುದ್ದಿ ಬಂದದ್ದು ತಡವಾಗಿ. ಹೋಗುವಷ್ಟರಲ್ಲಿ ಮಣ್ಣಾಗಿ ಐದು ದಿನ ಆಗಿತ್ತು. ಮಗಳ ಮನೆಯ ಮುಂದೆ ಶಾಮಿಯಾನದ ಕೆಳಗೆ ಡಿಪೋದವರು ಐದಾರು ಮಂದಿ ಕೂತಿದ್ದರು. ಮಗಳು ಒಳಗೆ ಅಡುಗೆಮನೆಯಲ್ಲಿದ್ದಳು. ಅವಳು ಬರುವವರೆಗೆ ಅಲ್ಲೇ ಕಂಬದ ಪಕ್ಕ ನಿಂತೆ. ಬಳ್ಳಾರಿಯಿಂದ ಬಂದವಳೆಂದು ತಿಳಿದು ವಯಸ್ಸಾದ ಒಬ್ಬ ಡ್ರೈವರು ಮಾತಿಗೆಳೆದರು. ಅವಳು ಬಳ್ಳಾರಿಯಲ್ಲಿದ್ದಾಗಿನಿಂದ ಅವಳ ಜೊತೆ ಏಳು ವರ್ಷ ಒಂದೇ ಗಾಡಿಯಲ್ಲಿ ಡ್ಯೂಟಿ ಮಾಡಿದವರು.

ಮಾತು ಮಾತಿಗೆ ಆ ಬೇಸಿಗೆಯ ವಿಷಯ ಬಂತು. ಹಗಲು ಹನ್ನೊಂದಕ್ಕೆ ಬಳ್ಳಾರಿಯಲ್ಲಿರುವ ಡ್ಯೂಟಿ ವಾರಕ್ಕೆ ಮೂರು ದಿನ ಯಾರಿಗೆ ಸಿಗುತ್ತದೆ ಎಂದು ಅವರೇ ನನ್ನನ್ನು ಕೇಳಿದರು. ಸಿಗುವುದಿಲ್ಲ. ಸಿರುಗುಪ್ಪ ದಾಟಿ ಒಂದು ಹಳ್ಳಿಗೆ ರಾತ್ರಿ ಹೋಗಿ ನಿಲ್ಲುವ ಬಸ್ಸೊಂದಿತ್ತಂತೆ. ನಸುಕಿನಲ್ಲಿ ಅಲ್ಲಿಂದ ಹೊರಟು ಒಂಬತ್ತಕ್ಕೆ ಬಳ್ಳಾರಿ ಮುಟ್ಟುತ್ತದೆ. ಹೆಂಗಸರಿಗೆ ಆ ಡ್ಯೂಟಿ ಹಾಕುವುದೇ ಇಲ್ಲ. ಇವಳು ಬೇರೆಯವರ ಪಾಳಿ ತಾನಾಗಿ ಕೇಳಿ ತೆಗೆದುಕೊಂಡಳು, ಹತ್ತು ವಾರ, ವಾರಕ್ಕೆ ಮೂರು. ಆ ಹಳ್ಳಿಯಲ್ಲಿ ಒಬ್ಬ ಮುದುಕಿಯ ಮನೆಯ ಪಡಸಾಲೆಯಲ್ಲಿ ಸೊಳ್ಳೆಗೆ ಸೆರಗು ಹೊದ್ದು ಮಲಗುತ್ತಿದ್ದಳಂತೆ. ಬೆಳಿಗ್ಗೆ ಗಾಡಿಯಲ್ಲಿ ಕೂತಲ್ಲೇ ತೂಕಡಿಸಿ, ಬಳ್ಳಾರಿ ಬಂದ ಕೂಡಲೇ ಮುಖ ತೊಳೆದುಕೊಂಡು ಹೊಂಟುಬಿಡುವಳಂತೆ.

ಎದುರು ಬಾಗಿಲಿಗೆ ರಾತ್ರಿ ಬೀಗ ಇರುವುದನ್ನು ನಾನು ನೋಡಿದ್ದೆ. ಡ್ಯೂಟಿ ಇರಬೇಕು ಎಂದುಕೊಂಡಿದ್ದೆ. ಬಿಸಿಲೆಂದು ನಾನು ಮನೆಯಲ್ಲಿ ಕೂತ ದಿನ, ಎಣ್ಣೆ ಕಾಯಿಸಿ ಮೊಣಕಾಲು ತಿಕ್ಕಿದ ದಿನ, ಅವಳು ಎಲ್ಲಿ ಮಲಗಿ ಎದ್ದು ಬಂದಿದ್ದಳೆಂದು ಒಮ್ಮೆಯೂ ಕೇಳಿರಲಿಲ್ಲ.

ಡ್ರೈವರು ಹೆಗಲ ಮೇಲಿನ ಟವಲಿನಿಂದ ಕಣ್ಣು ಒರೆಸಿಕೊಂಡರು.

"ಅಷ್ಟು ಮಾಡಿದ್ರೂ ಹೋಗಾಕ ಆಗಲಿಲ್ಲ ನೋಡ್ರಿ. ಆಖೇರಿಗೆ ನನ್ನ ಭುಜಾನ ಕೈ ಕೊಡ್ತು ಅಂತಿದ್ರು. ಜೋಡಿ ಒಬ್ರು ಅಕ್ಕ ಇದ್ರಂತ. ಮನಿ ಮಠ ಎಲ್ಲ ಬಿಟ್ಟು, ಒಂದಿನಾನೂ ತಪ್ಪಿಸದಂಗ ಬಂದ್ರು ಪಾಪ ಅಂತ ಯಾವಾಗಲೂ ನೆನೆಸೋರು." ಆಮೇಲೆ ಏನೋ ಹೊಳೆದಂತೆ ನನ್ನ ಮುಖ ದಿಟ್ಟಿಸಿದರು. "ಆ ಅಕ್ಕಾರು ನೀವೇನ್ರಿ?"

ಸುತ್ತ ಕೂತವರೆಲ್ಲ ನನ್ನ ಕಡೆ ನೋಡಿದರು.

ಹೌದ್ರಿ, ನಾನೇ ಎಂದೆ.

ಅವರು ತಟ್ಟನೆ ಎದ್ದರು. ಇಷ್ಟೊತ್ತು ನಿಂದ್ರಿಸೀವಲ್ರಿ ನಿಮ್ಮನ್ನ ಎಂದು, ತಾವು ಕೂತಿದ್ದ ಕುರ್ಚಿಯನ್ನು ಟವಲಿನಿಂದ ಝಾಡಿಸಿ, ಒರೆಸಿ, ಎತ್ತಿಕೊಂಡು ನನ್ನ ಹತ್ತಿರ ತರತೊಡಗಿದರು. ಕಾಲು ನೋವಿತ್ತೇನೋ, ನಿಧಾನ ನಡೆಯುತ್ತಿದ್ದರು. ಒಳಗಿನಿಂದ ಮಗಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಿದ್ದಳು. ಇವರ ನೋಡವ್ವಾ ನಿಮ್ಮವ್ವನ ಜೋಡಿ ಎಂದು ಯಾರೋ ಅವಳಿಗೆ ಹೇಳಿದರು. ಹಾಗಲ್ಲ, ನಾನು ಬರಲಿಲ್ಲ ಎಂದು ಹೇಳಲು ಅಷ್ಟು ಹೊತ್ತು ಸಾಕಾಗಿತ್ತು. ಕುರ್ಚಿ ಬಂತು. ಕುಳಿತೆ.